ಹವಾಲ್ದಾರ್ ಈರಣ್ಣನ ಎಡಗಿವಿ

ಮನುಷ್ಯನ ನೋವನ್ನು ಅಳೆಯುವ ಮಾಪಕ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಫೌಜಿನಲ್ಲಿ ಕೆಲಸ ಮಾಡಿದವರಲ್ಲ. ನಮ್ಮಲ್ಲಿ ಆ ಮಾಪಕ ಇದೆ. ಶೇಕಡಾವಾರು ತೋರಿಸುತ್ತದೆ, ಮೂರು ಪ್ರತಿಗಳಲ್ಲಿ ತುಂಬಬೇಕು, ಮೂರನೆಯ ಪ್ರತಿ ಮಸುಕಾಗಿದ್ದರೆ ನೋವು ಹಾಗೇ ವಾಪಸು ಬರುತ್ತದೆ.

ಕೊರೊನಾದ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನು ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಕ್ಲರ್ಕಾಗಿದ್ದು, ಸುಬೇದಾರ್ ದರ್ಜೆಯಲ್ಲಿ ನಿವೃತ್ತನಾಗಿ ಬಂದವನು. ಬಂದೂಕು ಹಿಡಿದದ್ದು ತರಬೇತಿಯಲ್ಲಿ ಮಾತ್ರ. ಉಳಿದ ಯುದ್ಧವೆಲ್ಲ ಟೈಪ್‌ರೈಟರಿನ ಮೇಲೆ ನಡೆಯಿತು. ಆಗ ಆದೋನಿಯಲ್ಲಿ ಮಾಜಿ ಸೈನಿಕರ ಸಣ್ಣದೊಂದು ಸಹಾಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಕೂತು, ಪಿಂಚಣಿಯ ಅರ್ಜಿಗಳನ್ನು ಬರೆದುಕೊಡುತ್ತಿದ್ದೆ. ಕೋಣೆಯ ಹಿಂದೆಯೇ ಜಿನ್ನಿಂಗ್ ಮಿಲ್ಲು. ಹತ್ತಿಯ ಸೀಸನ್ನಿನಲ್ಲಿ ಕಿಟಕಿ ತೆರೆದಿಟ್ಟರೆ ಫೈಲುಗಳಿಗೆಲ್ಲ ಬಿಳಿ ಮೀಸೆ ಬರುತ್ತಿತ್ತು.

ಈರಣ್ಣ ಆ ಮಿಲ್ಲಿನ ಗೇಟಿನ ಕಾವಲುಗಾರ. ಹೊಳಗುಂದದ ಕಡೆಯವನು, ಹವಾಲ್ದಾರನಾಗಿ ನಿವೃತ್ತನಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮೊದಲ ದಿನ ಬಂದವನು ಕುರ್ಚಿಯನ್ನು ಓರೆ ಮಾಡಿ, ಬಲಗೆನ್ನೆಯನ್ನು ನನ್ನ ಕಡೆ ಕೊಟ್ಟು ಕೂತ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವನ ಹಾಗೆ. ಎಡಗಿವಿ ಕೇಳಿಸುತ್ತಿರಲಿಲ್ಲ. ಹಿಂದಿನ ವಾರ ಮಿಲ್ಲಿನ ಗೇಟಿನಲ್ಲಿ ಒಂದು ಹತ್ತಿ ಲಾರಿ ಎಡಗಡೆಯಿಂದ ರಿವರ್ಸ್ ಬಂದು ಇವನ ಮೊಣಕೈಗೆ ಗೇಣು ದೂರದಲ್ಲಿ ನಿಂತಿತ್ತಂತೆ. ಡ್ರೈವರು ಹಾರ್ನು ಹೊಡೆದೂ ಹೊಡೆದೂ ಸುಸ್ತಾಗಿದ್ದ.

ನನ್ನ ಮೇಜಿನ ಮೇಲೆ ಅವನು ಇಟ್ಟದ್ದು ಒಂದೇ ಕಾಗದ. ಸೈನಿಕ ನಿವೃತ್ತನಾಗುವ ಮುಂಚೆ ವೈದ್ಯರ ಒಂದು ಮಂಡಳಿ ಅವನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸುತ್ತದೆ. ರಿಲೀಸ್ ಮೆಡಿಕಲ್ ಬೋರ್ಡ್ ಎನ್ನುತ್ತಾರೆ. ಏನಾದರೂ ಊನ ಕಂಡರೆ ಮಂಡಳಿ ಎರಡು ಪ್ರಶ್ನೆ ಕೇಳುತ್ತದೆ: ಎಷ್ಟು? ಎಲ್ಲಿಂದ ಬಂತು? ಸೇವೆಯಿಂದ ಬಂದದ್ದಾದರೆ ಪಿಂಚಣಿಗೆ ಅಂಗವೈಕಲ್ಯದ ಭಾಗ ಸೇರುತ್ತದೆ. ಗಡಿಯ ಕಾರ್ಯಾಚರಣೆಯಲ್ಲಿ ಆದ ಗಾಯವಾದರೆ ಇನ್ನೂ ಮೇಲಿನ ದರ್ಜೆ. ಮನೆಯಿಂದ ತಂದದ್ದಾದರೆ ಏನೂ ಇಲ್ಲ, ಧನ್ಯವಾದ. ಈರಣ್ಣನ ಕಾಗದದಲ್ಲಿ ಹೀಗಿತ್ತು: ‘ಎಡಗಿವಿಯ ಶ್ರವಣದೋಷ. ಬಾಲ್ಯದಿಂದ ಇದೆ ಎಂದು ಸ್ವತಃ ತಿಳಿಸಿದ್ದಾನೆ. ಸೇವೆಗೆ ಸಂಬಂಧವಿಲ್ಲ.’ ಕೆಳಗೆ ಅವನದೇ ಸಹಿ.

“ಸಣ್ಣಂದಿನಿಂದ ಕೇಳಿಸ್ತಿರಲಿಲ್ಲವೇನಯ್ಯ?” ಎಂದೆ.

“ಇಲ್ಲ ಸಾಬ್, ಚಲೋ ಇತ್ತು. ಗಡಿಯಾಗ ಬಾಂಬು ಬಿದ್ದ ಮ್ಯಾಲ ಹೋತು.”

“ಮತ್ತೆ ಡಾಕ್ಟರಿಗೆ ಹೀಗೆ ಯಾಕೆ ಹೇಳಿದೆ?”

“ಹೇಳಿದೆ ಸಾಬ್.”

ಅಷ್ಟೇ. ಫೌಜಿನಲ್ಲಿ ಇದು ಒಂದು ಉತ್ತರದ ಮಾದರಿ. ಪ್ರಶ್ನೆಯನ್ನೇ ಮಡಚಿ ವಾಪಸು ಕೊಡುವುದು. ಬೇಗ ಬಿಡುಗಡೆಯಾಗಿ ಊರು ಸೇರಲಿ ಎಂದು ಎಷ್ಟೋ ಜನ ಹೀಗೆ ಹೇಳಿ ಸಹಿ ಹಾಕಿ ಬರುತ್ತಾರೆ. ಇವನೂ ಹಾಗೇ ಮಾಡಿರಬೇಕು ಎಂದುಕೊಂಡೆ. ಆದರೆ ಅವನು ಬಂದ ಕಾರಣ ಬೇರೆ.

“ನಮ್ಮವ್ವಗ ಗೊತ್ತಾಗೇತಿ ಸಾಬ್. ನನ್ನ ಮಗಳು ಈ ಕಾಗದ ಓದಿ ಹೇಳಿಬಿಟ್ಟಾಳ. ಒಂದು ತಿಂಗಳಾತು, ಆಕಿ ನನ್ನ ಸಂಗಾಟ ಮಾತಾಡವಲ್ಲಳು. ಬಂದವ್ರಿಗೆಲ್ಲಾ ಕೇಳ್ತಾಳ, ನಾ ಕಿವುಡನ್ನ ಹಡೆದೆನೇನು ಅಂತ. ರೊಕ್ಕ ಬರಲಿ ಬಿಡಲಿ, ಆ ಒಂದು ಮಾತು ತೆಗಿಸಿಕೊಡ್ರಿ.”

ಸರ್ಕಾರದಿಂದ ಹಣ ತರಿಸುವುದು ಕಷ್ಟವೆಂದು ಜನ ತಿಳಿದಿದ್ದಾರೆ. ಅನುಭವದಿಂದ ಹೇಳುತ್ತೇನೆ, ಸರ್ಕಾರ ಬರೆದ ಒಂದು ಮಾತನ್ನು ತೆಗೆಸುವುದಕ್ಕೆ ಹೋಲಿಸಿದರೆ ಅದು ಮಕ್ಕಳಾಟ.

ಆದರೂ ಪ್ರಕರಣದಲ್ಲಿ ಜೀವವಿತ್ತು. ಸೈನ್ಯಕ್ಕೆ ಭರ್ತಿಯಾಗುವ ದಿನ ಪ್ರತಿ ಹುಡುಗನನ್ನೂ ಆರು ಮೀಟರ್ ದೂರ ನಿಲ್ಲಿಸಿ, ಒಂದೊಂದೇ ಕಿವಿ ಮುಚ್ಚಿಸಿ, ವೈದ್ಯರು ಪಿಸುದನಿಯಲ್ಲಿ ಅಂಕಿ ಹೇಳುತ್ತಾರೆ. ಹುಡುಗ ತಿರುಗಿ ಹೇಳಬೇಕು. ಈರಣ್ಣನ ಭರ್ತಿಯ ಹಾಳೆಯ ನಕಲು ತರಿಸಿದೆ. ಎರಡೂ ಕಿವಿ ಸರಿ. ಹಾಗಿದ್ದಮೇಲೆ ಬಾಲ್ಯದಿಂದ ಕಿವುಡನಾದವನನ್ನು ಸೈನ್ಯವೇ ಕರೆದು ಸಮವಸ್ತ್ರ ತೊಡಿಸಿತು ಎಂದಾಗುತ್ತದೆ. ಯಾವ ಸೈನ್ಯವೂ ಹಾಗೆ ಒಪ್ಪಿಕೊಳ್ಳಲು ಇಷ್ಟಪಡುವುದಿಲ್ಲ. ಸೇರುವಾಗ ನೆಟ್ಟಗಿದ್ದದ್ದು ಹೊರಡುವಾಗ ಕೆಟ್ಟಿದ್ದರೆ ಅದು ಸೇವೆಯಲ್ಲೇ ಕೆಟ್ಟಿತೆಂದು ಭಾವಿಸಬೇಕು. ನಿಯಮವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಬಾಂಬು ಬಿದ್ದಂದಿನಿಂದ ನಿವೃತ್ತಿಯವರೆಗಿನ ಹದಿನೆಂಟು ವರ್ಷ, ವರ್ಷವರ್ಷದ ತಪಾಸಣೆಯಲ್ಲಿ ಇವನು ಸಿಕ್ಕಿಬೀಳದೆ ಇದ್ದದ್ದು ಹೇಗೆ ಎಂದು ಕೇಳಿದೆ. ಈರಣ್ಣ ನಾಚಿಕೊಂಡು ತೋರಿಸಿದ. ಎಡಗಿವಿಯ ಸರದಿ ಬಂದಾಗ ಬಲಗಿವಿಯನ್ನು ಬೆರಳಿನಿಂದ ಮುಚ್ಚಬೇಕಲ್ಲ, ಇವನು ಬೆರಳನ್ನು ಕಿವಿಯ ಪಕ್ಕ ಗೌರವದಿಂದ ಇಡುತ್ತಿದ್ದ, ಒಳಗೆ ಹಾಕುತ್ತಿರಲಿಲ್ಲ.

ಇನ್ನು ಬೇಕಾದದ್ದು ಗಾಯವಾದ ದಿನದ ದಾಖಲೆ. ತಾರೀಕು ಕೇಳಿದೆ.

“ತಾರೀಕು ಗೊತ್ತಿಲ್ಲ ಸಾಬ್. ಕಾರ ಹುಣ್ಣಿಮಿ ದಿನ.”

“ಖಾತ್ರಿಯಾ?”

“ಮರಿಯಾಕ ಆಗತೈತೇನ್ರಿ?”

ನಮ್ಮ ಸೀಮೆಯವರಿಗೆ ಕಾರ ಹುಣ್ಣಿಮೆ ಎಂದರೆ ಬಿತ್ತನೆಯ ಮುಂಚಿನ ಎತ್ತುಗಳ ಹಬ್ಬ. ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಪೂಜೆ ಮಾಡಿ ಹೋಳಿಗೆ ತಿನ್ನಿಸುತ್ತಾರೆ. ಇಂಥ ದಿನವನ್ನು ನಮ್ಮವರು ಮರೆಯುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅಲ್ಲದೆ ನಮ್ಮ ತಂದೆಯವರು ನಲವತ್ತು ವರ್ಷದ ಪಂಚಾಂಗಗಳನ್ನು ಒಂದು ಟ್ರಂಕಿನಲ್ಲಿ ಕೂಡಿಟ್ಟು ಹೋಗಿದ್ದರು. ಅವುಗಳಿಂದ ಅದುವರೆಗೆ ಲಾಭವಾದದ್ದು ಗೆದ್ದಲಿಗೆ ಮಾತ್ರ. ಆ ಟ್ರಂಕು ತೆಗೆದು, ಆ ವರ್ಷದ ಪಂಚಾಂಗ ಹುಡುಕಿ, ಜ್ಯೇಷ್ಠ ಹುಣ್ಣಿಮೆಯ ಇಂಗ್ಲಿಷ್ ತಾರೀಕನ್ನು ಅಪೀಲಿನಲ್ಲಿ ದಪ್ಪಕ್ಷರದಲ್ಲಿ ಟೈಪ್ ಮಾಡಿದೆ. ಅಷ್ಟು ಖಚಿತವಾದ ತಾರೀಕನ್ನು ಯಾವ ಕ್ಲರ್ಕೂ ಸರ್ಕಾರಕ್ಕೆ ಕೊಟ್ಟಿರಲಾರ ಎಂದು ಎರಡು ದಿನ ಬೀಗಿದೆ.

ಆರು ತಿಂಗಳಿಗೆ ಉತ್ತರ ಬಂತು. ವಿನಯದ ಉತ್ತರ. ತಾವು ಹೇಳಿದ ತಾರೀಕಿನಂದು ಘಟಕದ ದಿನಚರಿ ನೋಡಲಾಗಿದೆ. ಅಂದು ಆ ಭಾಗದಲ್ಲಿ ಶೆಲ್ ದಾಳಿ ಆಗಿಲ್ಲ. ಗಾಯಾಳುಗಳು ಯಾರೂ ಇಲ್ಲ. ಇಡೀ ದಿನ ಮಳೆ. ಅಂದರೆ ಕಾರ ಹುಣ್ಣಿಮೆಯ ದಿನ ಶತ್ರುವೂ ರಜೆಯ ಮೇಲಿದ್ದ. ಅಪೀಲು ತಿರಸ್ಕೃತ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಆ ಕಾಗದ ಬಂದ ಮೇಲೆ ಒಂದು ವಾರ ನಾನು ಈರಣ್ಣನನ್ನು ನಂಬಲಿಲ್ಲ. ಬೋರ್ಡಿನ ಮುಂದೆ ಒಂದು ಹೇಳಿದ, ನನ್ನ ಮುಂದೆ ಇನ್ನೊಂದು ಹೇಳಿದ. ಬೆರಳಿನ ಆಟವನ್ನಂತೂ ತಾನೇ ಮಾಡಿ ತೋರಿಸಿದ್ದಾನೆ. ಪಂಚಾಂಗ ಸುಳ್ಳು ಹೇಳುವುದಿಲ್ಲ, ದಿನಚರಿ ಸುಳ್ಳು ಹೇಳುವುದಿಲ್ಲ, ಉಳಿದವನು ಇವನೊಬ್ಬ. ನಾನೂ ಒಬ್ಬ ಉಳಿದಿದ್ದೇನೆ ಎಂಬುದು ನನಗೆ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಕ್ಲರ್ಕಾಗಿದ್ದವನಿಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ.

ಎರಡನೆಯ ಅಪೀಲು ಕಡೆಯ ಬಾಗಿಲು. ಅದು ಮುಚ್ಚಿದರೆ ದೂರದೂರಿನ ನ್ಯಾಯಮಂಡಳಿ, ವಕೀಲರು, ವರ್ಷಗಟ್ಟಲೆ ಓಡಾಟ. ಅಷ್ಟು ದಿನ ಕಾಯಲು ಅವನ ತಾಯಿಯ ವಯಸ್ಸು ಒಪ್ಪಬೇಕಿತ್ತು. ನಿಜ ಹೇಳುವುದಿದ್ದರೆ ಬಾ ಎಂದು ಈರಣ್ಣನಿಗೆ ಹೇಳಿಕಳಿಸಿದೆ. ಅವನು ಬಂದ. ಜೊತೆಗೆ ಅವರವ್ವ ಹಂಪಮ್ಮನೂ ಬಂದಳು. ಕರೆಯದೇ.

ಎಪ್ಪತ್ತೈದು ದಾಟಿದ ಮುದುಕಿ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆಯ ಚೀಲ. ಮಗನ ಜೊತೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದಿದ್ದರೂ ಒಂದು ಮಾತೂ ಆಡಿರಲಿಲ್ಲವಂತೆ. ಕುರ್ಚಿ ಕೊಟ್ಟರೆ ಅದನ್ನು ಅನುಮಾನದಿಂದ ನೋಡಿ, ಅಂಚಿನಲ್ಲಿ ಕೂತಳು.

“ನೀನ ಏನಪಾ ತಮ್ಮಾ, ನನ್ನ ಮಗ ಹುಟ್ಟಾ ಕಿವುಡ ಅಂತ ಬರದಾವ?”

“ನಾನಲ್ಲವ್ವಾ. ಅದನ್ನು ಅಳಿಸೋದಕ್ಕೆ ನೋಡ್ತಿರೋನು ನಾನು.”

“ಅಳಸಿದ್ಯಾ?”

“ಇಲ್ಲ.”

“ಹಂಗಾದ್ರ ಇಬ್ರೂ ಒಂದಾ ಆದ್ರಿ.”

ಕೈಯಲ್ಲಿದ್ದ ತಿರಸ್ಕಾರದ ಪತ್ರವನ್ನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಾರ ಹುಣ್ಣಿಮೆಯ ದಿನ ಬಾಂಬು ಬಿದ್ದಿತೆಂದು ನಿಮ್ಮ ಮಗ ಹೇಳುತ್ತಾನೆ, ಬಿದ್ದಿಲ್ಲವೆಂದು ಅವರ ಪುಸ್ತಕ ಹೇಳುತ್ತದೆ. ನಾನು ಪಂಚಾಂಗ ನೋಡಿಯೇ ತಾರೀಕು ಹಾಕಿದ್ದೇನೆ.

ಹಂಪಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನಿಲ್ಲಿಸಿದಳು. ಮಗನ ಕಡೆ ತಿರುಗಿದಳು. ತಿಂಗಳುಗಟ್ಟಲೆಯ ಮೌನ ಆ ಕ್ಷಣ ಮುರಿಯಿತು.

“ಏ ಈರಾ, ಆವತ್ತು ನನ್ನ ಹೋಳಿಗಿ ನಿನಗ ಬಂದು ಮುಟ್ಟಿದ್ವು, ಅದಾ ದಿನ ಕಿವಿಗೆ ಪೆಟ್ಟಾತು ಅಂತ ಬರಿಸಿದ್ದಿಲ್ಲೇನೋ ದವಾಖಾನಿಯಿಂದ?”

“ಹೂಂ ಅವ್ವಾ.”

“ಮತ್ತ ಹಬ್ಬದ ದಿನ ಅಂತ ಈ ತಮ್ಮಗ ಯಾಕ ಹೇಳಿದಿ?”

“ನಮಗ ಅವತ್ತಾ ಹಬ್ಬ ಅವ್ವಾ.”

ಮುದುಕಿ ನನ್ನ ಕಡೆ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. “ತಮ್ಮಾ, ನೀ ಓದಿದಾವ ಇದ್ದಿ. ಹಬ್ಬದ ದಿನ ಒಲಿ ಮ್ಯಾಲ ಇದ್ದ ಹೋಳಿಗಿ ಅದಾ ದಿನ ಗಡಿಗೆ ಹೆಂಗ ಹೋಗತಾವು? ಎತ್ತಿಗೆ ಎಡಿ ತೋರಸದ ನಾನು ಮನಿಯಿಂದ ಒಂದು ತುಣುಕು ಹೊರಗ ಕಳಸಂಗಿಲ್ಲ. ಮಾರನೇ ದಿನ ಹೊಳಗುಂದಕ್ಕ ಹೋಗಿ, ಡಬ್ಬಿಗೆ ಬಟ್ಟಿ ಹೊಲಿಸಿ, ಅರಗು ಹಾಕಿಸಿ ಪಾರ್ಸಲ್ ಮಾಡೀನಿ. ಆಮ್ಯಾಲ ಅದು ರೈಲು ಹತ್ತಬೇಕು, ಬೆಟ್ಟ ಹತ್ತಬೇಕು. ಶೇಂಗಾ ಹೋಳಿಗಿ ಅಂತ ತಡೀತು. ಬ್ಯಾಳಿ ಹೋಳಿಗಿ ಆಗಿದ್ರ ದಾರ್ಯಾಗ ಹಳಸಿ ಹೋಗತಿದ್ವು.”

ನಮ್ಮ ತಂದೆಯವರ ಟ್ರಂಕು ನನ್ನ ಕಣ್ಣಮುಂದೆ ಬಂದು ಹೋಯಿತು.

ಈರಣ್ಣ ಬಿಡಿಸಿ ಹೇಳಿದ. ಅವರ ಪೋಸ್ಟಿನಲ್ಲಿ ಕನ್ನಡ ಮಾತಾಡುವವರು ನಾಲ್ಕೈದು ಜನ. ಅಲ್ಲಿ ಕ್ಯಾಲೆಂಡರಿನ ಹಬ್ಬ ನಡೆಯುತ್ತಿರಲಿಲ್ಲ. ಯಾರ ಮನೆಯಿಂದಾದರೂ ಹಬ್ಬದ ಪಾರ್ಸಲ್ ಬಂದ ದಿನವೇ ಹಬ್ಬವೆಂದು ಸಾರಿಬಿಡುತ್ತಿದ್ದರು. “ಒಂದು ವರ್ಷ ಹಿಮ ಬಿದ್ದು ದಾರಿ ಕಟ್ಟಿ, ನಮಗ ದೀಪಾವಳಿ ಸಂಕ್ರಾಂತಿ ಆದ ಮ್ಯಾಲ ಬಂತು ಸಾಬ್” ಎಂದ. ಬಾಂಬು ಬಿದ್ದ ವರ್ಷ ಕಾರ ಹುಣ್ಣಿಮೆ ಬಂದದ್ದು ಎಷ್ಟು ತಡವಾಗಿ ಎಂದು ಅವನಿಗೆ ಗೊತ್ತಿರಲಿಲ್ಲ. ಹಂಪಮ್ಮನಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬೇರೆ ಯಾರೋ ಬರೆದುಕೊಟ್ಟ ಕಾಗದ ಅವಳ ಕೈ ಸೇರಿದಾಗ ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುತ್ತಿದ್ದಳು. ಅಂದರೆ ಒಂದು ದಿನವಲ್ಲ, ಸುಮಾರು ಏಳು ವಾರದ ಕಿಂಡಿ ನನ್ನೆದುರು ತೆರೆಯಿತು.

ನಾನು ಬರೆದುಕೊಳ್ಳುತ್ತಿದ್ದೆ. ಮುದುಕಿ ಬಿಡಲಿಲ್ಲ. “ಅದೆಲ್ಲಾ ಇರಲಿ. ಸಣ್ಣಂದಿನಿಂದ ಕಿವುಡ ಅಂತ ನಿನ್ನ ಬಾಯಲೇ ಯಾಕ ಹೇಳಿದಿ? ಅದನ್ನ ಹೇಳು.”

ಈರಣ್ಣ ನೆಲ ನೋಡಿದ. ನನಗೂ ಆ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ ಎಂಬುದು ಆಗ ನೆನಪಾಯಿತು.

ಅವನು ಹೇಳಿದ್ದರ ಸಾರ ಇಷ್ಟು. ಇವನು ಟೆಲಿಫೋನ್ ತಂತಿ ನೋಡಿಕೊಳ್ಳುವ ಲೈನ್‌ಮನ್. ಅಂದು ಬೆಳಿಗ್ಗೆ ಪಾರ್ಸಲ್ ಬಂತು. ಮಧ್ಯಾಹ್ನ ಶೆಲ್ ಬಿದ್ದು, ಮುಂದಿನ ಬಂಕರಿಗೆ ಹೋಗುವ ತಂತಿ ಕಡಿಯಿತು. ಯಾರು ಹೋಗುತ್ತೀರಿ ಎಂದು ಮೇಲಿನವರು ಕೇಳಿದಾಗ, ಸರದಿ ಇನ್ನೊಬ್ಬನದಿದ್ದರೂ, ಇವನು ಕೈ ಎತ್ತಿದ. ಆ ಮುಂದಿನ ಬಂಕರಿನಲ್ಲಿ ಇಬ್ಬರು ನಮ್ಮ ಕಡೆಯ ಹುಡುಗರಿದ್ದರು. ಅವರಿಗೆ ಹೋಳಿಗೆ ಕೊಟ್ಟಂತೆಯೂ ಆಗುತ್ತದೆ ಎಂದು ನಾಲ್ಕು ಹೋಳಿಗೆ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಹೋದ. ತಂತಿ ಜೋಡಿಸಿ ಎದ್ದಾಗ ಎಡಗಡೆಯಲ್ಲಿ ಶೆಲ್ ಬಿತ್ತು. ಮೂರು ದಿನ ಫೀಲ್ಡ್ ಆಸ್ಪತ್ರೆಯಲ್ಲಿದ್ದ. ಕಿವಿಯೊಳಗಿನ ಶಿಳ್ಳೆ ನಿಂತ ಮೇಲೆ ಅರ್ಧ ಕೇಳಿಸಿತು. ಆ ಅರ್ಧವೂ ವರ್ಷ ಕಳೆದಂತೆ ಹೋಯಿತು.

“ಸರದಿ ನಂದಲ್ಲ ಸಾಬ್. ಹೋಳಿಗಿ ಆಸಿಗೆ ಹೋದೆ. ಕೆದಕಿ ಕೇಳಿದ್ರ ಇದು ಹೊರಗ ಬರತೈತಿ, ಇದ್ದ ಪಿಂಚಣೀನೂ ಕಟ್ ಮಾಡ್ತಾರ ಅನಕೊಂಡೆ. ಮತ್ತ...” ಅವ್ವನ ಕಡೆ ನೋಡದೆ ಹೇಳಿದ, “ಇಕಿಗೆ ಗೊತ್ತಾದ್ರ ತನ್ನ ಹೋಳಿಗಿಂದನಾ ಮಗನ ಕಿವಿ ಹೋತು ಅಂತ ಕೊರಗತಾಳ.”

ನನ್ನೊಳಗಿನ ಕ್ಲರ್ಕ್ ಎದ್ದು ಕೂತ. “ತಂತಿ ಕಡಿದಿತ್ತೋ ಇಲ್ಲವೋ?”

“ಕಡದಿತ್ತು.”

“ಹೋಗಲು ಅಪ್ಪಣೆ ಕೊಟ್ಟರೋ ಇಲ್ಲವೋ?”

“ಕೊಟ್ರು.”

“ತಂತಿ ಜೋಡಿಸಿದೆಯೋ ಇಲ್ಲವೋ?”

“ಜೋಡಿಸೀನಿ ಸಾಬ್.”

“ಹಾಗಾದರೆ ಜೇಬಿನಲ್ಲಿ ಹೋಳಿಗೆ ಇದ್ದರೂ ಒಂದೇ, ಕಡ್ಲೆಬೀಜ ಇದ್ದರೂ ಒಂದೇ. ನೀನು ಕರ್ತವ್ಯದ ಮೇಲಿದ್ದೆ. ಹೆಡ್ಡ!”

ಹಂಪಮ್ಮ ಇದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಅವಳು ಅಳುತ್ತಾಳೆಂದು ಈರಣ್ಣ ಹೆದರಿದ್ದ; ನಾನೂ ನೀರಿನ ಲೋಟ ಹತ್ತಿರ ಸರಿಸಿದ್ದೆ. ಅವಳು ಕೇಳಿದ್ದು ಒಂದೇ ಮಾತು.

“ಆ ಹುಡುಗ್ರಿಗೆ ಮುಟ್ಟಿದ್ವಾ?”

“ಮುಟ್ಟಿದ್ವವ್ವಾ. ನನ್ನ ಎತ್ತಿಕೊಂಡು ಹೋದಾವ್ರು ಅವ್ರಾ. ಹೋಳಿಗಿ ಮಣ್ಣಾಗಿದ್ವು. ಝಾಡಿಸಿ ತಿಂದ್ರು.”

“ಮತ್ತ!” ಎಂದಳು. ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಎದ್ದು, ಕುರ್ಚಿಯ ಸುತ್ತ ಬಳಸಿ, ಮಗನ ಬಲಗಡೆಗೆ ಹೋಗಿ ನಿಂತು, “ನಡಿ, ಬಸ್ ಹೋಗತೈತಿ” ಎಂದಳು.

ಎರಡನೆಯ ಅಪೀಲು ಬರೆಯುವಾಗ ಈರಣ್ಣನಿಗೂ ನನಗೂ ಒಂದು ಜಗಳವಾಯಿತು. ಹೋಳಿಗೆಯ ಮಾತು ಬೇಡ ಎಂದು ಅವನು. ಇರಲೇಬೇಕು ಎಂದು ನಾನು. “ಮರ್ಯಾದಿ ಹೋಗತೈತಿ ಸಾಬ್” ಎಂದ. ಒಂದು ಸುಳ್ಳಿಗೆ ಸಹಿ ಹಾಕಿ ಇಲ್ಲಿಯವರೆಗೆ ಬಂದಿದ್ದೇವೆ, ಇನ್ನೊಂದನ್ನು ನಾನು ಟೈಪ್ ಮಾಡುವುದಿಲ್ಲ ಎಂದೆ. ಅದೂ ಅಲ್ಲದೆ ಪಾರ್ಸಲ್ಲಿನ ವಿಷಯ ಹೇಳದೆ ತಾರೀಕು ಯಾಕೆ ತಪ್ಪಿತೆಂದು ವಿವರಿಸುವುದು ಹೇಗೆ? ಕಡೆಗೆ ನಾಲ್ಕನೆಯ ಪ್ಯಾರಾದಲ್ಲಿ ಎಲ್ಲವೂ ಬಂತು: ಹಬ್ಬ, ಎತ್ತಿನ ಎಡೆ, ಅರಗು ಹಾಕಿದ ಡಬ್ಬಿ, ಕಡಿದ ತಂತಿ, ಸರದಿ ಯಾರದು, ಜೇಬಿನಲ್ಲಿ ನಾಲ್ಕು ಹೋಳಿಗೆ. ಹೋಳಿಗೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ತಿಳಿಯದೆ, ‘ಅಂಚೆಯಲ್ಲಿ ಬಂದ ಸಿಹಿ ತಿನಿಸು, ನಾಲ್ಕು’ ಎಂದು ಬರೆದೆ. ಮೊದಲ ಅಪೀಲಿನ ತಪ್ಪು ತಾರೀಕಿಗೆ ಅರ್ಜಿದಾರ ಕಾರಣನಲ್ಲ, ಅರ್ಜಿ ಬರೆದವನು ಕಾರಣ ಎಂದು ಐದನೆಯ ಪ್ಯಾರಾದಲ್ಲಿ ನನ್ನ ಹೆಸರನ್ನೂ ಹಾಕಿದೆ. ಆ ಏಳು ವಾರಗಳ ದಿನಚರಿ ಮತ್ತು ಫೀಲ್ಡ್ ಆಸ್ಪತ್ರೆಯ ದಾಖಲಾತಿ ಪುಸ್ತಕ ನೋಡಬೇಕೆಂದು ಕೋರಿದೆ.

ಸಿಕ್ಕಿತು. ಆಸ್ಪತ್ರೆಯ ಪುಸ್ತಕದಲ್ಲಿ ಒಂದೇ ಸಾಲು, ಅವನ ನಂಬರು, ಹೆಸರು: ಲೈನ್ ದುರಸ್ತಿ, ಸ್ಫೋಟ, ಎಡಗಿವಿ, ಮೂರು ದಿನ. ಪಂಚಾಂಗದ ಹುಣ್ಣಿಮೆಗೂ ಆ ಸಾಲಿಗೂ ನಡುವೆ ಇಪ್ಪತ್ತಮೂರು ದಿನ. ನಂತರ ಈರಣ್ಣನನ್ನು ಮರುಪರೀಕ್ಷೆಗೆ ಕರೆದರು. ಈಗ ಪಿಸುಮಾತಿನ ಪರೀಕ್ಷೆಯಲ್ಲ, ಸದ್ದು ನುಸುಳದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಯಂತ್ರದಿಂದ ಒಂದೊಂದು ಕಿವಿಗೂ ಸದ್ದು ಕೊಟ್ಟು ಅಳೆಯುತ್ತಾರೆ. ಹದಿನೆಂಟು ವರ್ಷದ ಅಭ್ಯಾಸ. ಎಡಗಿವಿಯ ಸರದಿ ಬಂದೊಡನೆ ಇವನ ಬೆರಳು ತಾನೇ ಮೇಲೆದ್ದಿತಂತೆ. ಕೈ ಕೆಳಗಿಡಪ್ಪಾ ಎಂದು ವೈದ್ಯರು ಗಾಜಿನಾಚೆಯಿಂದ ಸನ್ನೆ ಮಾಡಿದರಂತೆ.

ಈ ಕೆಲಸದಿಂದ ನಾನು ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ಹೇಳುವುದು ಇಷ್ಟೆ. ಒಬ್ಬ ಮನುಷ್ಯ ದಿನ ಹೇಳಿದರೆ, ಆ ದಿನ ಅವನ ಪಾಲಿಗೆ ಹೇಗೆ ಬಂತು ಎಂದು ಕೇಳಬೇಕು. ಕೇಳಿದ ಮೇಲೆ ಪಂಚಾಂಗ ತೆಗೆಯಬೇಕು. ನಾನು ಮೊದಲು ಟ್ರಂಕು ತೆಗೆದೆ. ಅದರಿಂದ ಒಬ್ಬ ಮರ್ಯಾದಸ್ಥನ ಆರು ತಿಂಗಳು ಹೋಯಿತು, ಒಂದು ವಾರ ಅವನನ್ನು ಸುಳ್ಳುಗಾರನೆಂದೂ ತಿಳಿದೆ. ಅವನಿಗೆ ಇದನ್ನು ಹೇಳಿ ಕ್ಷಮೆ ಕೇಳಿದಾಗ ಅವನು ಎಡಗಿವಿಯನ್ನು ನನ್ನ ಕಡೆ ತಿರುಗಿಸಿ, “ಏನೂ ಕೇಳಸಲಿಲ್ಲ ಸಾಬ್” ಎಂದ.

ಆದೇಶ ಬಂದ ದಿನ ಹಂಪಮ್ಮ ಮತ್ತೆ ಬಂದಿದ್ದಳು. ಪೂರ್ತಿ ಓದಿಸಿಕೊಂಡಳು, ಒಂದು ಸಾಲನ್ನು ಎರಡು ಸಲ. ಹೋಳಿಗೆಯ ವಿಷಯ ಆದೇಶದಲ್ಲಿ ಎಲ್ಲೂ ಇರಲಿಲ್ಲ.

ಎರಡನೆಯ ಅಪೀಲು ಮಂಜೂರಾಯಿತು. ಎಡಗಿವಿಯ ಶ್ರವಣದೋಷ ಕಾರ್ಯಾಚರಣೆಯ ಪ್ರದೇಶದಲ್ಲಿ, ಕರ್ತವ್ಯದ ಮೇಲಿದ್ದಾಗ ಆದದ್ದು. ಪ್ರಮಾಣ ಶೇಕಡಾ ಮೂವತ್ತು, ಜೀವನಪರ್ಯಂತ. ‘ಬಾಲ್ಯದಿಂದ’ ಎಂಬ ನಮೂದನ್ನು ರದ್ದುಪಡಿಸಲಾಗಿದೆ.